ದೇವರ ಹೆಸರಿಗೆ ಕೈ ಎತ್ತಿದ ದಿನ: ಸಂವಿಧಾನ ಪೀಠಿಕೆಯ ಒಂದು ಪ್ರಕರಣ ಅಧ್ಯಯನ

1949ರ ಅಕ್ಟೋಬರ್ 17. ದೆಹಲಿಯ ಸಂವಿಧಾನ ರಚನಾ ಸಭೆಯಲ್ಲಿ ಅಂದು ಪೀಠಿಕೆ ಚರ್ಚೆಗೆ ಬಂತು. ಅಧ್ಯಕ್ಷ ಸ್ಥಾನದಲ್ಲಿ ಡಾ. ರಾಜೇಂದ್ರ ಪ್ರಸಾದ್ ಇದ್ದರು. ಎಚ್.ವಿ. ಕಾಮತ್ ಎದ್ದು ಒಂದು ತಿದ್ದುಪಡಿ ಮಂಡಿಸಿದರು. 'ಭಾರತದ ಜನತೆಯಾದ ನಾವು' ಎಂದು ಶುರುವಾಗುವ ವಾಕ್ಯದ ಮುಂದೆ 'ದೇವರ ಹೆಸರಿನಲ್ಲಿ' ಎಂಬ ಮಾತು ಸೇರಬೇಕು. ಅವರು ಕೇಳಿದ್ದು ಇಷ್ಟೇ. ಚರ್ಚೆ ನಡೆದು, ಮಾತು ಬೆಳೆದು, ಕೊನೆಗೆ ಮತಕ್ಕೆ ಹೋಯಿತು. ಪರವಾಗಿ 41, ವಿರುದ್ಧ 68. ದೇವರ ಹೆಸರು ಪೀಠಿಕೆಗೆ ಸೇರಲಿಲ್ಲ.

ಈ ಪ್ರಕರಣದ ಬಗ್ಗೆ ಎರಡು ಮಾತು ಜಾಸ್ತಿ ಕೇಳಿಬರುತ್ತವೆ. ದೇವರನ್ನು ನಂಬದ ಕೆಲವರು ಸೇರಿ ದೇವರನ್ನು ಹೊರಗಿಟ್ಟರು ಅನ್ನೋದು ಒಂದು. ಇದೆಲ್ಲ ನೆಹರೂ ಮಾಡಿಸಿದ್ದು ಅನ್ನೋದು ಇನ್ನೊಂದು. ಅಂದಿನ ಕಲಾಪ ಓದಿದರೆ ಎರಡೂ ನಿಲ್ಲುವುದಿಲ್ಲ. ನೆಹರೂ ಆ ದಿನ ದೇಶದಲ್ಲೇ ಇರಲಿಲ್ಲ, ಅಮೆರಿಕ ಪ್ರವಾಸದಲ್ಲಿದ್ದರು. ತಿದ್ದುಪಡಿಯನ್ನು ವಿರೋಧಿಸಿ ಮಾತಾಡಿದವರಲ್ಲಿ ಯಾರೂ ದೇವರಿಲ್ಲ ಎಂದು ವಾದಿಸಲಿಲ್ಲ. ದೇವರು ದೊಡ್ಡವನು, ಈ ವಿಷಯ ಪವಿತ್ರವಾದದ್ದು, ಅದಕ್ಕೇ ಇದನ್ನು ಇಲ್ಲಿಗೆ ತರಬೇಡಿ ಎಂಬುದು ಅವರ ವಾದದ ಧಾಟಿ. ಆಸ್ತಿಕರೇ ಕೂತು, ಆಸ್ತಿಕರೇ ಬೇಡವೆಂದ ತೀರ್ಮಾನ ಇದು. ನನಗೆ ಈ ಪ್ರಕರಣ ಮುಖ್ಯವಾಗಿ ಕಾಣುವುದು ಈ ಕಾರಣಕ್ಕೆ.

ಪೀಠಿಕೆ ಆ ದಿನಕ್ಕೆ ಬಂದ ದಾರಿ

ಪೀಠಿಕೆಯ ಬೇರು ಇರುವುದು ಧ್ಯೇಯಗಳ ನಿರ್ಣಯದಲ್ಲಿ. ಅದನ್ನು ನೆಹರೂ 1946ರ ಡಿಸೆಂಬರ್ 13ರಂದು ಮಂಡಿಸಿದರು. 1947ರ ಜನವರಿ 22ರಂದು ಸಭೆ ಅದನ್ನು ಒಪ್ಪಿತು. ಎಲ್ಲ ಅಧಿಕಾರ ಜನರಿಂದಲೇ ಬರುತ್ತದೆ ಎಂದು ಅದರಲ್ಲಿತ್ತು. ದೇವರ ಮಾತು ಅದರಲ್ಲೂ ಇರಲಿಲ್ಲ. ನೆಹರೂ ಪ್ರಭಾವ ಏನೂ ಇಲ್ಲ ಎಂದು ಹೇಳಲಾಗದು. ಆದರೆ ಅದು ಇದ್ದದ್ದು ಮೂರು ವರ್ಷ ಹಿಂದಿನ ಆ ನಿರ್ಣಯದಲ್ಲಿ. ಅಕ್ಟೋಬರ್ 17ರ ಮತದಾನದಲ್ಲಿ ಅಲ್ಲ.

ಮುಂದೆ ಸಾಂವಿಧಾನಿಕ ಸಲಹೆಗಾರ ಬಿ.ಎನ್. ರಾವ್ ಮೊದಲ ಕರಡು ಸಿದ್ಧಪಡಿಸಿದರು. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಪೀಠಿಕೆಯನ್ನು ತಿದ್ದಿ, ಭ್ರಾತೃತ್ವದ ಮಾತನ್ನು ಸೇರಿಸಿತು. ಉಳಿದ ವಿಧಿಗಳೆಲ್ಲ ಒಂದು ರೂಪಕ್ಕೆ ಬಂದ ಮೇಲೆ ಪೀಠಿಕೆ ನೋಡೋಣ ಎಂದು ಅದನ್ನು ಕೊನೆಗೆ ಇಟ್ಟುಕೊಂಡಿದ್ದರು. ಹಾಗಾಗಿ ಪೀಠಿಕೆಯ ಚರ್ಚೆಗೂ ಸಂವಿಧಾನ ಅಂಗೀಕಾರವಾದ ನವೆಂಬರ್ 26ಕ್ಕೂ ನಡುವೆ ಆರು ವಾರವೂ ಇರಲಿಲ್ಲ.

ಇಲ್ಲಿ ಒಂದು ಸಣ್ಣ ವಿಷಯವನ್ನು ಹತ್ತಿರದಿಂದ ನೋಡಬೇಕು. ನಮ್ಮ ಪೀಠಿಕೆಯ ಕೊನೆಯಲ್ಲಿ, ಈ ಸಂವಿಧಾನವನ್ನು ಅಂಗೀಕರಿಸಿ, ಅಧಿನಿಯಮಿಸಿ, ನಮಗೆ ನಾವೇ ಅರ್ಪಿಸಿಕೊಂಡಿದ್ದೇವೆ ಎಂದು ಬರುತ್ತದೆ. ಇಂಗ್ಲಿಷ್ ಮೂಲದಲ್ಲಿ ಇದೇ ಮಾತು, ಇದೇ ಕ್ರಮದಲ್ಲಿ, 1937ರ ಐರ್ಲೆಂಡ್ ಸಂವಿಧಾನದ ಪೀಠಿಕೆಯಲ್ಲಿದೆ. ಬಿ.ಎನ್. ರಾವ್ ಐರ್ಲೆಂಡಿಗೆ ಹೋಗಿ ಅಲ್ಲಿನವರ ಜೊತೆ ಚರ್ಚಿಸಿ ಬಂದಿದ್ದರು. ಆದರೆ ಐರಿಷ್ ಪೀಠಿಕೆ ಶುರುವಾಗುವುದು 'ಪರಮ ಪವಿತ್ರ ತ್ರಿಯೇಕ ದೇವರ ಹೆಸರಿನಲ್ಲಿ' ಎಂದು. ಎಲ್ಲ ಅಧಿಕಾರವೂ ಆ ದೇವರಿಂದಲೇ ಬಂದದ್ದು ಎಂದು ಅದು ಹೇಳುತ್ತದೆ. ಅಂದರೆ ನಮ್ಮವರ ಮುಂದೆ ದೇವರಿಂದ ಶುರುವಾಗುವ ಮಾದರಿ ಇರಲೇ ಇಲ್ಲ ಎಂದಲ್ಲ. ಅದರ ಕೊನೆಯ ಸಾಲು ತೆಗೆದುಕೊಂಡು ಮೊದಲ ಸಾಲನ್ನು ಅಲ್ಲಿಯೇ ಬಿಟ್ಟರು.

ಇನ್ನೊಂದು ಮಾದರಿ ಪಕ್ಕದಲ್ಲೇ ಇತ್ತು. ಅದೇ ವರ್ಷ ಮಾರ್ಚ್ 12ರಂದು ಪಾಕಿಸ್ತಾನದ ಸಂವಿಧಾನ ಸಭೆ ತನ್ನ ಧ್ಯೇಯಗಳ ನಿರ್ಣಯವನ್ನು ಒಪ್ಪಿಕೊಂಡಿತ್ತು. ಇಡೀ ವಿಶ್ವದ ಸಾರ್ವಭೌಮತ್ವ ಸರ್ವಶಕ್ತನಾದ ಅಲ್ಲಾಹುವಿಗೆ ಮಾತ್ರ ಸೇರಿದ್ದು ಎಂದು ಅದು ಶುರುವಾಗುತ್ತದೆ. ದೆಹಲಿಯ ಚರ್ಚೆಗೂ ಅದಕ್ಕೂ ಏಳು ತಿಂಗಳ ಅಂತರ. ಈ ಹೋಲಿಕೆಗೆ ಮುಂದೆ ಬರುತ್ತೇನೆ.

ಕಾಮತ್ ಯಾರು

ಹರಿ ವಿಷ್ಣು ಕಾಮತ್ ಹುಟ್ಟಿದ್ದು 1907ರಲ್ಲಿ, ಮಂಗಳೂರಿನಲ್ಲಿ. ಬಿ.ಎನ್. ರಾವ್ ಕೂಡ ಅಲ್ಲಿಯವರೇ. ಕರಾವಳಿಯ ಒಂದೇ ಊರಿನ ಇಬ್ಬರು ಈ ಪೀಠಿಕೆಯ ಕಥೆಯಲ್ಲಿದ್ದಾರೆ ಎಂಬುದು ಕನ್ನಡದ ಓದುಗರಿಗೆ ತಿಳಿದಿರಬೇಕಾದ ವಿಷಯ. ಕಾಮತ್ ಐಸಿಎಸ್ (ಬ್ರಿಟಿಷ್ ಕಾಲದ ಉನ್ನತ ಆಡಳಿತ ಸೇವೆ) ಅಧಿಕಾರಿಯಾಗಿದ್ದರು. 1938ರಲ್ಲಿ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಸುಭಾಷ್ ಚಂದ್ರ ಬೋಸರ ಜೊತೆ ಹೋದರು, ಅವರ ಪಕ್ಷವಾದ ಫಾರ್ವರ್ಡ್ ಬ್ಲಾಕ್ ಸೇರಿದರು, ಜೈಲು ಕಂಡರು. ಸಂವಿಧಾನ ಸಭೆಗೆ ಬಂದದ್ದು ಸೆಂಟ್ರಲ್ ಪ್ರಾವಿನ್ಸಸ್ ಮತ್ತು ಬೇರಾರ್ ಪ್ರಾಂತ್ಯದಿಂದ.

ಇವರನ್ನು ಸುಮ್ನೆ ಒಬ್ಬ ಧರ್ಮನಿಷ್ಠ ಸಂಪ್ರದಾಯವಾದಿ ಎಂದು ಬದಿಗಿಡಲು ಆಗುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವ ದಾರಿಯನ್ನೇ ತಡೆಯಬಹುದು ಎಂಬ ವಿಧಿ 1949ರ ಆಗಸ್ಟ್‌ನಲ್ಲಿ ಚರ್ಚೆಗೆ ಬಂದಾಗ ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದವರು ಇವರು. ಅದು ಪಾಸಾದಾಗ ಇದು ನಾಚಿಕೆಯ, ದುಃಖದ ದಿನ, ದೇವರೇ ಭಾರತದ ಜನರನ್ನು ಕಾಪಾಡಬೇಕು ಎಂಬ ಅರ್ಥದ ಮಾತಾಡಿದರು. ಆ ವಿಧಿ ಏನು ಮಾಡಬಲ್ಲದು ಎಂದು ದೇಶಕ್ಕೆ ಗೊತ್ತಾದದ್ದು 1975ರಲ್ಲಿ. ಕಾಮತ್ ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಕಿಂಚಿತ್ತೂ ಅನುಮಾನವಿಲ್ಲ. ಪ್ರಜೆಯ ಹಕ್ಕಿನ ಬಗ್ಗೆ ಇಷ್ಟು ಎಚ್ಚರ ಇದ್ದ ಮನುಷ್ಯನೇ ದೇವರ ಹೆಸರನ್ನೂ ಕೇಳಿದರು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಈ ಪ್ರಕರಣ ಓದಬೇಕು.

ಅಕ್ಟೋಬರ್ 17ರಂದು ಅವರು ಆಧಾರವಾಗಿ ತಂದದ್ದು ಗೀತೆಯ ಒಂಬತ್ತನೇ ಅಧ್ಯಾಯದ ಶ್ಲೋಕ: 'ಯತ್ಕರೋಷಿ ಯದಶ್ನಾಸಿ'. ಏನು ಮಾಡಿದರೂ, ಏನು ತಿಂದರೂ, ಏನು ಕೊಟ್ಟರೂ ಅದನ್ನು ನನಗೆ ಅರ್ಪಿಸು ಎಂದು ಕೃಷ್ಣ ಹೇಳುವ ಮಾತು. ಸಂವಿಧಾನದಲ್ಲಿ ಏನೇ ಕೊರತೆ ಇರಲಿ, ಅದನ್ನು ದೇವರಿಗೆ ಅರ್ಪಿಸಿ ಶುರು ಮಾಡೋಣ ಎಂಬುದು ಅವರ ಭಾವ. ಧರ್ಮರಾಜ್ಯ ಮಾಡಿ ಎಂದು ಅವರು ಕೇಳಲಿಲ್ಲ. ಒಂದು ಧರ್ಮಕ್ಕೆ ಪಟ್ಟ ಕಟ್ಟಿ ಎಂದೂ ಕೇಳಲಿಲ್ಲ. ಊರಿನಲ್ಲಿ ಯಾವ ಕೆಲಸ ಶುರು ಮಾಡಿದರೂ ಮೊದಲು ದೇವರಿಗೆ ಕೈ ಮುಗಿಯುವ ಮನಸ್ಸಿಗೆ ಈ ಬೇಡಿಕೆ ತೀರಾ ಸಹಜ, ಅಲ್ವಾ?

ಎದುರು ಬಂದ ಮಾತುಗಳು

ಮೊದಲ ತೂಕದ ವಿರೋಧ ಬಂದದ್ದು ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೆ ಅವರಿಂದ. ಈ ತಿದ್ದುಪಡಿ ಒಪ್ಪಿದರೆ ನಂಬಿಕೆಯ ವಿಷಯದಲ್ಲಿ ಬಲವಂತ ಮಾಡಿದಂತೆ ಆಗುವುದಿಲ್ಲವೇ ಎಂದು ಕೇಳಿದರು. ನಾವೇ ಬರೆಯುತ್ತಿರುವ ಸಂವಿಧಾನದ ಪ್ರಕಾರ ದೇವರನ್ನು ನಂಬುವ ಹಕ್ಕೂ ಇದೆ, ನಂಬದಿರುವ ಹಕ್ಕೂ ಇದೆ. ಒಳಗೆ ಆ ಹಕ್ಕು ಕೊಟ್ಟು, ಬಾಗಿಲಲ್ಲೇ ಅದನ್ನು ಕಿತ್ತುಕೊಳ್ಳುವುದು ಹೇಗೆ?

ಅವರು ಯಾವ ನೆಲದಿಂದ ಬಂದವರು ಎಂದು ನೋಡಿದರೆ ಈ ಮಾತಿನ ತೂಕ ಇನ್ನೂ ಹೆಚ್ಚುತ್ತದೆ. ತಿರುವಾಂಕೂರಿನಲ್ಲಿ 1750ರಲ್ಲಿ ರಾಜ ಮಾರ್ತಾಂಡ ವರ್ಮ ಇಡೀ ರಾಜ್ಯವನ್ನು ಅನಂತಪದ್ಮನಾಭ ಸ್ವಾಮಿಗೆ ಒಪ್ಪಿಸಿದ್ದ. ಅಲ್ಲಿಂದ ಮುಂದೆ ಆ ವಂಶದ ಅರಸರು 'ಪದ್ಮನಾಭದಾಸ' ಎಂದು ಕರೆದುಕೊಂಡು, ದೇವರ ಪರವಾಗಿ ಆಳಿದರು. ದೇವರ ಹೆಸರಿನಲ್ಲಿ ನಡೆದ ರಾಜ್ಯ ಎಂದರೆ ಅಕ್ಷರಶಃ ಅದೇ. ಅದೇ ರಾಜ್ಯದಲ್ಲಿ ಕೆಳಜಾತಿ ಎಂದು ಕರೆಸಿಕೊಂಡವರಿಗೆ 1936ರ ತನಕ ಸರ್ಕಾರಿ ದೇವಾಲಯಗಳ ಒಳಗೆ ಪ್ರವೇಶ ಇರಲಿಲ್ಲ. ಥಾಣು ಪಿಳ್ಳೆ 1948ರಲ್ಲಿ ಆ ತಿರುವಾಂಕೂರಿನ ಮೊದಲ ಜನಪ್ರತಿನಿಧಿ ಸರ್ಕಾರದ ಪ್ರಧಾನಿಯಾಗಿದ್ದವರು. ಅವರು ಸಭೆಯಲ್ಲಿ ಈ ಇತಿಹಾಸವನ್ನು ಎತ್ತಿದರು ಎಂದು ನಾನು ಹೇಳುತ್ತಿಲ್ಲ. ಆದರೆ ದೇವರ ಹೆಸರು ಮತ್ತು ಅಧಿಕಾರ ಒಂದೇ ಕಡೆ ಸೇರಿದರೆ ಹೇಗಿರುತ್ತದೆ ಎಂಬುದನ್ನು ಅವರು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ.

ಹೃದಯನಾಥ ಕುಂಜ್ರು ಬೇರೆ ಕಡೆಯಿಂದ ಬಂದರು. ನಮ್ಮ ಒಳಗಿನ, ಅತಿ ಪವಿತ್ರವಾದ ಭಾವನೆಗಳನ್ನು ಹೀಗೆ ವಾದದ ಅಂಗಳಕ್ಕೆ ಎಳೆದು ತಂದದ್ದೇ ಬೇಸರದ ವಿಷಯ ಎಂದರು. ದೇವರ ಹೆಸರು ಹಾಕುತ್ತೇವೆ ಅನ್ನುತ್ತಲೇ ಸಂಕುಚಿತ, ಪಂಥೀಯ ಮನಸ್ಸು ತೋರಿಸುತ್ತಿದ್ದೇವೆ, ಇದು ಸಂವಿಧಾನದ ಆಶಯಕ್ಕೇ ವಿರುದ್ಧ ಎಂದರು. ಆ ದಿನದ ಅತಿ ಕಟುವಾದ ಮಾತು ಇದು.

ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ ಎದ್ದು, ನಾನು ಶಾಕ್ತ ಸಂಪ್ರದಾಯದವನು, ಕಾಮಾಖ್ಯೆಯ ನಾಡಿನಿಂದ ಬಂದವನು ಎಂದರು. ದೇವರ ಹೆಸರು ಹಾಕುವುದಾದರೆ ದೇವಿಯ ಹೆಸರನ್ನೂ ಹಾಕಬೇಕು, ದೇವಿಯನ್ನು ಬಿಟ್ಟು ದೇವರೊಬ್ಬನನ್ನೇ ಕರೆಯುವುದಕ್ಕೆ ನನ್ನ ವಿರೋಧವಿದೆ ಎಂದರು. ಈ ಮಾತನ್ನು ತಮಾಷೆ ಎಂದು ದಾಟಿ ಹೋಗುವವರೇ ಹೆಚ್ಚು. ನನಗೆ ಹಾಗೆ ಕಾಣುವುದಿಲ್ಲ. ಯಾವ ಧರ್ಮಕ್ಕೂ ಸೇರದ, ಎಲ್ಲರಿಗೂ ಒಪ್ಪಿತವಾದ ಹೆಸರು ಎಂದು ಕಾಮತ್ ತಿಳಿದಿದ್ದ ಮಾತು, ಹಿಂದೂಗಳ ಒಳಗೇ ಎಲ್ಲರಿಗೂ ಹೊಂದಲಿಲ್ಲ ಎಂದು ಅದು ಒಂದೇ ಏಟಿಗೆ ತೋರಿಸಿತು. ಇನ್ನು ಸೃಷ್ಟಿಕರ್ತನಾದ ದೇವರನ್ನೇ ಒಪ್ಪದ ಜೈನ, ಬೌದ್ಧ ಧರ್ಮಗಳನ್ನು ಎಲ್ಲಿ ಇಡುವುದು? ಅವರು ಅಧಾರ್ಮಿಕರಂತೂ ಅಲ್ಲವಲ್ಲ.

ಈ ತೊಡಕನ್ನು ಬಿಡಿಸಲು ಒಬ್ಬರು ಪ್ರಯತ್ನಪಟ್ಟರು. ಮದನ ಮೋಹನ ಮಾಲವೀಯರ ಮಗ ಗೋವಿಂದ ಮಾಲವೀಯ. ಅವರ ಕರಡು ಶುರುವಾಗುತ್ತಿದ್ದದ್ದು ಪರಮೇಶ್ವರನ ಕೃಪೆಯಿಂದ ಎಂದು. ಅದರ ಜೊತೆಗೇ, ಜಗತ್ತಿನ ಬೇರೆ ಬೇರೆ ಜನ ಅವನನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ ಎಂಬ ವಿವರಣೆ. ನಮ್ಮಲ್ಲಿ 'ದೇವನೊಬ್ಬ ನಾಮ ಹಲವು' ಅನ್ನುತ್ತೇವಲ್ಲ, ಅದೇ ಭಾವ. ಸದುದ್ದೇಶದ ಪ್ರಯತ್ನವೇ. ಆದರೆ ಹೆಸರು ಹಲವು ಎಂದು ಹೇಳುವಾಗಲೂ ಮೊದಲು ಬರೆದ ಹೆಸರು ಒಂದು ಸಂಪ್ರದಾಯದ್ದೇ ಆಗಿತ್ತು. ಜೊತೆಗೆ ಎಲ್ಲ ಅಧಿಕಾರದ ಮೂಲವೂ ಅವನೇ ಎಂದು ಅದರಲ್ಲಿತ್ತು. ಅಲ್ಲಿಗೆ ವಿಷಯ ಪ್ರಾರ್ಥನೆಯಿಂದ ದಾಟಿ ಅಧಿಕಾರದ ಮೂಲದ ಪ್ರಶ್ನೆಗೆ ಬಂತು.

ಆ ಪ್ರಶ್ನೆಗೆ ಅಂದು ಉತ್ತರ ಸಿಕ್ಕಿದ್ದು ಇನ್ನೊಂದು ಸಂದರ್ಭದಲ್ಲಿ. ಅಧಿಕಾರ ಜನರಿಂದ ಬಂದದ್ದು ಎಂಬುದನ್ನು ಇನ್ನೂ ಬಿಡಿಸಿ ಬರೆಯಬೇಕು ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿದರು. ಅಂಬೇಡ್ಕರ್, ಈ ಪೀಠಿಕೆಯಲ್ಲಿ ಅದು ಈಗಾಗಲೇ ಇದೆ, ಈ ಸಂವಿಧಾನದ ಬೇರು, ಅಧಿಕಾರ, ಸಾರ್ವಭೌಮತ್ವ ಎಲ್ಲವೂ ಜನರಿಂದಲೇ ಬಂದದ್ದು ಎಂದು ಖಚಿತಪಡಿಸಿದರು. ಮಾಲವೀಯರ ವಾಕ್ಯವೂ ಈ ಮಾತೂ ಒಂದೇ ಪುಟದಲ್ಲಿ ಒಟ್ಟಿಗೆ ಇರಲು ಸಾಧ್ಯವಿರಲಿಲ್ಲ.

ಮತಕ್ಕೆ ಹಾಕಬೇಡಿ ಎಂದವರು

ಮತದಾನ ತಪ್ಪಿಸಲು ಸಭೆ ನಿಜವಾಗಿಯೂ ಪ್ರಯತ್ನಿಸಿತು. ಪೂರ್ಣಿಮಾ ಬ್ಯಾನರ್ಜಿ ನೇರವಾಗಿ ಕಾಮತ್ ಅವರಲ್ಲಿ ಮನವಿ ಮಾಡಿದರು: ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ.

ಎಂ. ತಿರುಮಲ ರಾವ್ ಹೇಳಿದ ಮಾತು ಇಡೀ ಪ್ರಕರಣದ ಕೀಲಿ ಎಂದು ನಾನು ತಿಳಿದಿದ್ದೇನೆ. ಭಾರತಕ್ಕೆ ದೇವರು ಬೇಕೋ ಬೇಡವೋ ಎಂಬುದನ್ನು ಮುನ್ನೂರು ಜನರ ಸಭೆಯ ಮತಕ್ಕೆ ಹಾಕಬಾರದು ಎಂದರು ಅವರು. ಪ್ರಮಾಣವಚನದಲ್ಲಿ ದೇವರ ಹೆಸರನ್ನು ನಾವು ಒಪ್ಪಿದ್ದೇವೆ, ಆದರೆ ನಂಬದವರಿಗೆ ಅಲ್ಲಿ ಬೇರೆ ದಾರಿ ಇಟ್ಟಿದ್ದೇವೆ, ಪೀಠಿಕೆಯಲ್ಲಿ ಹಾಗೆ ಎರಡನ್ನೂ ಇಡಲು ಆಗುವುದಿಲ್ಲ ಎಂದರು.

ಪ್ರಮಾಣವಚನದ ವಿಷಯ ಗೊತ್ತಿರಬೇಕು. ಮೂಲ ಕರಡಿನ ಪ್ರಮಾಣದಲ್ಲಿ ದೇವರ ಹೆಸರು ಇರಲಿಲ್ಲ. ರಾಷ್ಟ್ರಪತಿಯ ಪ್ರಮಾಣದ ವಿಧಿ 1948ರ ಡಿಸೆಂಬರ್ ಕೊನೆಯಲ್ಲಿ ಚರ್ಚೆಗೆ ಬಂದಾಗ ಮಹಾವೀರ ತ್ಯಾಗಿ, ಕಾಮತ್ ಮುಂತಾದವರು ಅದು ಬೇಕೆಂದು ಹೇಳಿದರು. ಅಂಬೇಡ್ಕರ್ ಒಪ್ಪಿಕೊಂಡರು. ಇವತ್ತಿಗೂ 60ನೇ ವಿಧಿಯನ್ನು ಮತ್ತು ಮೂರನೇ ಅನುಸೂಚಿಯನ್ನು ತೆರೆದು ನೋಡಿದರೆ ಎರಡು ಸಾಲು ಒಂದರ ಮೇಲೊಂದು ಅಚ್ಚಾಗಿರುತ್ತವೆ. ಮೇಲೆ 'ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ' ಎಂಬ ಅರ್ಥದ ಸಾಲು, ಕೆಳಗೆ 'ಶ್ರದ್ಧಾಪೂರ್ವಕವಾಗಿ ದೃಢೀಕರಿಸುತ್ತೇನೆ' ಎಂಬ ಅರ್ಥದ ಸಾಲು. ಯಾರಿಗೆ ಯಾವುದು ಬೇಕೋ ಅದು.

ಅಂದರೆ ಕಾಮತ್ ದೇವರ ಹೆಸರಿಗಾಗಿ ಮಾಡಿದ ಪ್ರಯತ್ನದಲ್ಲಿ ಒಂದು ಸಲ ಗೆದ್ದರು, ಒಂದು ಸಲ ಸೋತರು. ಅದೇ ಸಭೆ, ಬಹುಮಟ್ಟಿಗೆ ಅದೇ ಜನ, ಬೇರೆ ಫಲಿತಾಂಶ. ಯಾಕೆ? ಪ್ರಮಾಣವಚನವನ್ನು ಒಬ್ಬೊಬ್ಬರೇ ಎದ್ದು ನಿಂತು ತಮ್ಮ ಮಟ್ಟಿಗೆ ಹೇಳುತ್ತಾರೆ. ಅಲ್ಲಿ ಒಬ್ಬರ ಆಯ್ಕೆ ಇನ್ನೊಬ್ಬರಿಗೆ ತಗಲುವುದಿಲ್ಲ. ಪೀಠಿಕೆಯನ್ನು ಹೇಳುವುದು ಇಡೀ ದೇಶ, ಒಂದೇ ವಾಕ್ಯದಲ್ಲಿ. ಅಲ್ಲಿ ನನಗೆ ಮೇಲಿನ ಸಾಲು, ನಿನಗೆ ಕೆಳಗಿನ ಸಾಲು ಎಂದು ಹಂಚಲು ಬರುವುದಿಲ್ಲ. ನಂಬದವನ ಬಾಯಲ್ಲೂ ಆ ಹೆಸರು ಬರಲೇಬೇಕಾಗುತ್ತದೆ. ದೇವರು ಬೇಕೇ ಬೇಡವೇ ಎಂಬ ಜಗಳಕ್ಕಿಂತ ಈ ವ್ಯತ್ಯಾಸವೇ ಅಂದು ನಿರ್ಣಾಯಕವಾದದ್ದು. ಧರ್ಮ ಮತ್ತು ಸರ್ಕಾರದ ಬಗ್ಗೆ ನಡೆಯುವ ಯಾವುದೇ ವಾದಕ್ಕೂ ಈ ಅಳತೆಗೋಲು ಬಳಸಬಹುದು. ಇದು ಒಬ್ಬ ಪ್ರಜೆ ತಾನೇ ಆರಿಸಿ ಹೇಳುವ ಮಾತೋ, ಎಲ್ಲರ ಪರವಾಗಿ ಒಮ್ಮೆಗೇ ಹೇಳಿಬಿಡುವ ಮಾತೋ?

ಕಾಮತ್ ಹಿಂದೆ ಸರಿಯಲಿಲ್ಲ. ಎಣಿಕೆಯಾಗಲೇಬೇಕು ಎಂದರು. ಕೈ ಎತ್ತಿಸಿ ಎಣಿಸಿದರು. 41 ಮತ್ತು 68. ಒಟ್ಟು 109 ಜನ. ಸುಮಾರು ಮುನ್ನೂರು ಸದಸ್ಯರ ಸಭೆಯಲ್ಲಿ ಮೂರನೇ ಒಂದು ಭಾಗದಷ್ಟು ಜನ ಮಾತ್ರ ಕೈ ಎತ್ತಿದ್ದರು. ಕೈ ಎತ್ತಿದ್ದರಿಂದ ಹೆಸರುಗಳು ದಾಖಲಾಗಲಿಲ್ಲ. ಹಾಗಾಗಿ ಇಂಥ ನಾಯಕರು ದೇವರ ಪರ, ಇಂಥವರು ವಿರುದ್ಧ ಎಂದು ಮಾತಾಡದವರ ಹೆಸರೂ ಸೇರಿಸಿ ಪಟ್ಟಿ ಹಂಚುವವರನ್ನು ನಂಬಬೇಡಿ. ಅಂಥ ಪಟ್ಟಿ ಇಲ್ಲ.

ಫಲಿತಾಂಶ ಬಂದಾಗ ಕಾಮತ್, ಇದು ನಮ್ಮ ಚರಿತ್ರೆಯಲ್ಲಿ ಕರಾಳ ದಿನ, ದೇವರು ಭಾರತವನ್ನು ಕಾಪಾಡಲಿ ಎಂದರು. ಅವರ ನೋವು ಅರ್ಥವಾಗುತ್ತದೆ. ಆದರೆ ಎಣಿಕೆ ಬೇಕೆಂದು ಹಠ ಹಿಡಿದದ್ದು ಅವರ ಉದ್ದೇಶಕ್ಕೇ ಪೆಟ್ಟು ಕೊಟ್ಟಿತು ಎಂದು ನನಗನ್ನಿಸುತ್ತದೆ. ಮನವಿಗೆ ಒಪ್ಪಿ ವಾಪಸ್ ತೆಗೆದುಕೊಂಡಿದ್ದರೆ ಅದು ದಾಖಲೆಯಲ್ಲಿ ಒಂದು ಪ್ರಾರ್ಥನೆಯಾಗಿ ಉಳಿಯುತ್ತಿತ್ತು. ಈಗ ಉಳಿದಿರುವುದು ಸೋತ ತಿದ್ದುಪಡಿಯಾಗಿ.

ಅದೇ ದಿನ ಬಿದ್ದ ಇನ್ನೆರಡು ಸಲಹೆ

ಶಿಬ್ಬನ್ ಲಾಲ್ ಸಕ್ಸೇನಾ ಅವರ ಸಲಹೆಯಲ್ಲಿ ಸರ್ವಶಕ್ತ ದೇವರೂ ಇದ್ದರು, ಮಹಾತ್ಮ ಗಾಂಧಿಯೂ ಇದ್ದರು. ಇದಕ್ಕೆ ಬ್ರಜೇಶ್ವರ ಪ್ರಸಾದ್, ಇದು ಗಾಂಧಿಯ ದಾರಿಯ ಸಂವಿಧಾನವೇ ಅಲ್ಲ, ಇದರಲ್ಲಿ ಅವರ ಹೆಸರು ಬೇಡ ಎಂದು ಖಾರವಾಗಿ ಹೇಳಿದರು. ಜೆ.ಬಿ. ಕೃಪಲಾನಿ ಮೃದುವಾಗಿ, ಯಾವಾಗ ಬೇಕಾದರೂ ತಿದ್ದಬಹುದಾದ ಒಂದು ದಾಖಲೆಯೊಳಗೆ ಗಾಂಧೀಜಿಯನ್ನು ತರದಿರುವುದೇ ಅವರಿಗೆ ನಾವು ತೋರುವ ಗೌರವ ಎಂದರು. ಸಕ್ಸೇನಾ ವಾಪಸ್ ತೆಗೆದುಕೊಂಡರು. ಕೃಪಲಾನಿಯವರ ಈ ತರ್ಕ ದೇವರ ಹೆಸರಿಗೂ ಹೊಂದುತ್ತದೆ. ತಿದ್ದುಪಡಿಗೆ ಒಳಪಡುವ ಪುಟದಲ್ಲಿ ಬರೆದದ್ದನ್ನು ನಾಳೆ ಯಾರೋ ಬಹುಮತದಿಂದ ಅಳಿಸಲೂಬಹುದು.

ಎರಡನೆಯದು ಇನ್ನೂ ಮುಖ್ಯ. ಅದೇ ಬ್ರಜೇಶ್ವರ ಪ್ರಸಾದ್ ಪೀಠಿಕೆಯಲ್ಲಿ 'ಸೆಕ್ಯುಲರ್' ಎಂಬ ಪದ ಇರಬೇಕೆಂದು ಸಲಹೆ ಮಂಡಿಸಿದ್ದರು. ಅದೂ ಬಿತ್ತು. ಅದಕ್ಕೆ ಮೊದಲು 1948ರ ನವೆಂಬರ್‌ನಲ್ಲಿ ಕೆ.ಟಿ. ಶಾ ಆ ಪದವನ್ನು ಮೊದಲನೇ ವಿಧಿಗೇ ಸೇರಿಸಲು ಪ್ರಯತ್ನಿಸಿ ಸೋತಿದ್ದರು. ಅಂದರೆ ದೇವರ ಹೆಸರನ್ನು ಬೇಡವೆಂದ ಸಭೆ, ಅದೇ ದಿನ ಆ ಪದವನ್ನೂ ಬೇಡವೆಂದಿತು. ಒಂದನ್ನು ಮಾತ್ರ ಎತ್ತಿ ಹೇಳಿ ಇನ್ನೊಂದನ್ನು ಮುಚ್ಚಿಡುವುದು ಇವತ್ತು ಎರಡೂ ಕಡೆಯವರು ಮಾಡುತ್ತಿರುವ ಕೆಲಸ.

ಕರಾಚಿ ಮತ್ತು ದೆಹಲಿ

ಪಾಕಿಸ್ತಾನದ ನಿರ್ಣಯವನ್ನು ಅಲ್ಲಿನ ಪ್ರಧಾನಿ ಲಿಯಾಕತ್ ಅಲಿ ಖಾನ್ 1949ರ ಮಾರ್ಚ್ 7ರಂದು ಕರಾಚಿಯಲ್ಲಿ ಸೇರಿದ್ದ ಸಂವಿಧಾನ ಸಭೆಯಲ್ಲಿ ಮಂಡಿಸಿದರು. ಶ್ರೀಶ್ ಚಂದ್ರ ಚಟ್ಟೋಪಾಧ್ಯಾಯ, ಭೂಪೇಂದ್ರ ಕುಮಾರ್ ದತ್ತ ಮುಂತಾದ ಹಿಂದೂ ಸದಸ್ಯರು ವಿರೋಧಿಸಿ ತಿದ್ದುಪಡಿಗಳನ್ನು ತಂದರು. ಅಲ್ಪಸಂಖ್ಯಾತರಿಗೆ ರಕ್ಷಣೆ ಇರುತ್ತದೆ ಎಂದು ನಿರ್ಣಯದಲ್ಲೇ ಬರೆದಿತ್ತು. ಆದರೂ ತಿದ್ದುಪಡಿಗಳ ಪರ 10, ವಿರುದ್ಧ 21 ಮತ. ಆ ಹತ್ತೂ ಜನ ಅಲ್ಪಸಂಖ್ಯಾತರೇ.

ಈ ಎರಡು ಎಣಿಕೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಕರಾಚಿಯಲ್ಲಿ ಸಭೆ ಧರ್ಮದ ಗೆರೆಯ ಮೇಲೆಯೇ ಎರಡಾಗಿ ಸೀಳಿತು. ಯಾವ ಧರ್ಮದಲ್ಲಿ ಹುಟ್ಟಿದ್ದೀರಿ ಎಂದು ತಿಳಿದರೆ ಯಾವ ಕಡೆ ಮತ ಹಾಕಿದ್ದೀರಿ ಎಂದು ಹೆಚ್ಚುಕಡಿಮೆ ಹೇಳಿಬಿಡಬಹುದಿತ್ತು. ದೆಹಲಿಯಲ್ಲಿ ಹಾಗಾಗಲಿಲ್ಲ. ಕಾಮತ್, ಕುಂಜ್ರು, ಥಾಣು ಪಿಳ್ಳೆ, ಚೌಧುರಿ ಎಲ್ಲರೂ ಹಿಂದೂಗಳೇ, ಆದರೂ ಒಂದೇ ಕಡೆ ಇರಲಿಲ್ಲ. ಬಹುಸಂಖ್ಯಾತರು ತಮ್ಮೊಳಗೇ ವಾದ ಮಾಡಿ, ತಮ್ಮವರ ಬೇಡಿಕೆಯನ್ನು ತಾವೇ ತಡೆದರು. ಪಾಕಿಸ್ತಾನದಲ್ಲಿ ಆ ನಿರ್ಣಯ ಮುನ್ನುಡಿಯಾಗಿಯೇ ಉಳಿಯಲಿಲ್ಲ. 1985ರಲ್ಲಿ ಜಿಯಾ ಉಲ್ ಹಕ್ ಕಾಲದಲ್ಲಿ ಅದನ್ನು ಸಂವಿಧಾನದ ಒಳಗೇ, ಜಾರಿಯಾಗಬಲ್ಲ ವಿಧಿಯಾಗಿ ಸೇರಿಸಿದರು. ಮುನ್ನುಡಿಯ ಮಾತು ತಾನೇ, ಇದ್ದರೇನಂತೆ ಅನ್ನುವವರು ಇದನ್ನು ಗಮನಿಸಬೇಕು.

ಐರ್ಲೆಂಡಿನ ಅನುಭವ ಬೇರೆ. ಅಲ್ಲಿ ಕ್ಯಾಥೊಲಿಕ್ ಚರ್ಚಿಗೆ ಕೊಟ್ಟಿದ್ದ ವಿಶೇಷ ಸ್ಥಾನವನ್ನು 1972ರಲ್ಲಿ ಜನಮತ ಪಡೆದು ತೆಗೆದರು. ಪೀಠಿಕೆಯ ತ್ರಿಯೇಕ ದೇವರನ್ನು ಹಾಗೇ ಬಿಟ್ಟರು. ಪೀಠಿಕೆಯಲ್ಲಿ ದೇವರಿದ್ದ ಮಾತ್ರಕ್ಕೆ ದೇಶ ಒಂದೇ ದಿಕ್ಕಿಗೆ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ ಎಂಬುದಕ್ಕೆ ಅದು ಉದಾಹರಣೆ. ಕಾಮತ್ ಪರ ವಾದಿಸುವವರು ಇದನ್ನು ಬಳಸಿಕೊಳ್ಳಬಹುದು.

ನಂತರ ಕೋರ್ಟಿಗೆ ಹೋದದ್ದು

ಅಕ್ಟೋಬರ್ 17ರ ಕಲಾಪಕ್ಕೆ 24 ವರ್ಷದ ನಂತರ ಒಂದು ಹೊಸ ಬೆಲೆ ಬಂತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ, ಭೂಸುಧಾರಣೆಯ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಪೀಠಿಕೆ ಸಂವಿಧಾನದ ಭಾಗವೇ ಎಂದು ಹೇಳಲು, ಅಂದು ಸಭೆಯಲ್ಲಿ ಪೀಠಿಕೆಯನ್ನು ಸಂವಿಧಾನದ ಭಾಗವೆಂದೇ ಮತಕ್ಕೆ ಹಾಕಿ ಒಪ್ಪಿದ್ದನ್ನು ಎತ್ತಿ ತೋರಿಸಲಾಯಿತು. ಸಂವಿಧಾನದ ಸೆಕ್ಯುಲರ್ ಗುಣ ಅದರ ಮೂಲ ಸ್ವರೂಪಕ್ಕೆ, ಅಂದರೆ ಸಂಸತ್ತು ಕೂಡ ಅಳಿಸಲಾಗದ ಭಾಗಕ್ಕೆ, ಸೇರಿದ್ದು ಎಂಬ ಮಾತೂ ಆ ತೀರ್ಪಿನಲ್ಲೇ ಬಂತು. ಆಗ ಆ ಪದ ಪೀಠಿಕೆಯಲ್ಲಿ ಇರಲಿಲ್ಲ. ಅದು ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯಲ್ಲಿ. ಅದೂ ತುರ್ತು ಪರಿಸ್ಥಿತಿಯಲ್ಲಿ, ವಿರೋಧ ಪಕ್ಷದ ಎಷ್ಟೋ ನಾಯಕರು ಜೈಲಿನಲ್ಲಿದ್ದಾಗ. 1994ರಲ್ಲಿ ನಮ್ಮದೇ ರಾಜ್ಯದ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಮೂಲ ಸ್ವರೂಪದ ಆ ಮಾತನ್ನು ಇನ್ನೂ ಗಟ್ಟಿ ಮಾಡಿತು. ಆ ಪದ ಸೇರಿಸಿದ್ದನ್ನು ಪ್ರಶ್ನಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 25ರಂದು ವಜಾ ಮಾಡಿತು.

ಪದ ಬಂದ ರೀತಿ ಸರಿಯಿರಲಿಲ್ಲ ಎಂದೇ ನನ್ನ ಅಭಿಪ್ರಾಯ. 1949ರಲ್ಲಿ ಒಂದು ಹೆಸರಿಗಾಗಿ ಇಷ್ಟು ಬಿಚ್ಚುಮನಸ್ಸಿನಿಂದ ಚರ್ಚಿಸಿದ ಪೀಠಿಕೆಗೆ, 1976ರಲ್ಲಿ ಬಾಯಿ ಕಟ್ಟಿದ್ದ ಹೊತ್ತಿನಲ್ಲಿ ಕೈ ಹಾಕಿದರು. ಆದರೆ ಆ ಪದ ಹೇಳುವ ಗುಣ 1976ಕ್ಕೆ ಹುಟ್ಟಿದ್ದಲ್ಲ. ಅದು ನಂಬಿಕೆಯ ಸ್ವಾತಂತ್ರ್ಯದ ವಿಧಿಗಳಲ್ಲಿ ಮೊದಲೇ ಇತ್ತು.

ಚರ್ಚೆಯಾಗದೆ ಉಳಿದದ್ದು

ಗೆದ್ದವರ ವಾದಕ್ಕೂ ಒಂದು ಸಡಿಲ ಜಾಗವಿದೆ. ನಮ್ಮ ನಂಬಿಕೆಯನ್ನು ಇತರರ ಮೇಲೆ ಹೇರಬಾರದು ಎಂದ ಅದೇ ಸಭೆ, 1948ರ ನವೆಂಬರ್ 24ರಂದು ಗೋಹತ್ಯೆ ತಡೆಯುವ ನಿರ್ದೇಶಕ ತತ್ವವನ್ನು (ಸರ್ಕಾರಕ್ಕೆ ದಾರಿ ತೋರುವ ಸೂತ್ರ) ಒಪ್ಪಿತ್ತು. ಅದು ಇಂದಿನ 48ನೇ ವಿಧಿ. ಅದನ್ನು ಬರೆದ ರೀತಿ ನೋಡಿ. ಕೃಷಿ ಮತ್ತು ಪಶುಸಂಗೋಪನೆಯನ್ನು ಆಧುನಿಕ, ವೈಜ್ಞಾನಿಕ ರೀತಿಯಲ್ಲಿ ಸಂಘಟಿಸುವುದು ಎಂದು ಶುರುವಾಗಿ, ತಳಿ ಸುಧಾರಣೆಯ ಮಾತಾಗಿ, ಆಮೇಲೆ ಹಸುವಿಗೆ ಬರುತ್ತದೆ. ಚರ್ಚೆಯಲ್ಲಿ ಭಾವನೆಯ ಮಾತು ಬೇಕಾದಷ್ಟಿತ್ತು, ವಿಧಿಯ ಭಾಷೆಯಲ್ಲಿ ಅದು ಇಲ್ಲ. ಸಂಯುಕ್ತ ಪ್ರಾಂತ್ಯದ (ಇಂದಿನ ಉತ್ತರ ಪ್ರದೇಶ) ಮುಸ್ಲಿಂ ಸದಸ್ಯ ಝಡ್.ಎಚ್. ಲಾರಿ ಅಂದು ಎದ್ದು, ಇದು ನಮ್ಮ ಧರ್ಮದ ಭಾಗ, ಅದಕ್ಕೇ ಬೇಕು ಎಂದು ಬಹುಸಂಖ್ಯಾತರು ನೇರವಾಗಿ ಹೇಳಿಬಿಡಲಿ, ಆಗ ಎಲ್ಲರಿಗೂ ಸ್ಪಷ್ಟವಾಗುತ್ತದೆ ಎಂದು ಕೇಳಿದ್ದರು. ಹಾಗೆ ನೇರವಾಗಿ ಬರೆಯಲಿಲ್ಲ.

ಈ ಒಂದು ವಿಷಯದಲ್ಲಿ ಕಾಮತ್ ಅವರ ದಾರಿಯೇ ಮೇಲು ಎನ್ನುತ್ತೇನೆ. ಅವರಿಗೆ ಬೇಕಾದದ್ದನ್ನು ಅದರ ಹೆಸರಿನಿಂದಲೇ ಕೇಳಿದರು, ಉತ್ತರವೂ ಅಷ್ಟೇ ನೇರವಾಗಿ ಬಂತು, ಒಂದು ದಿನದಲ್ಲಿ ಇತ್ಯರ್ಥವಾಯಿತು. ಪೀಠಿಕೆಯಲ್ಲಿ ದೇವರಿಲ್ಲ ಎಂಬ ಬಗ್ಗೆ ಕೋರ್ಟುಗಳು ತಲೆ ಕೆಡಿಸಿಕೊಳ್ಳಬೇಕಾಗಿ ಬರಲಿಲ್ಲ. 48ನೇ ವಿಧಿ ಹಾಗಲ್ಲ. 1958ರಲ್ಲಿ ಮೊಹಮ್ಮದ್ ಹನೀಫ್ ಖುರೇಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದುಡಿಯಲಾಗದ ಎತ್ತು, ಹೋರಿಗಳ ವಧೆಯನ್ನು ಪೂರ್ತಿ ನಿಷೇಧಿಸುವಂತಿಲ್ಲ ಎಂದಿತು. 2005ರಲ್ಲಿ ಗುಜರಾತಿನ ಮಿರ್ಜಾಪುರ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಮುದಿ ಎತ್ತಿನ ಸಗಣಿ, ಗಂಜಲವೂ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಪೂರ್ತಿ ನಿಷೇಧವನ್ನು ಎತ್ತಿಹಿಡಿಯಿತು. ನಂಬಿಕೆಯ ಪ್ರಶ್ನೆಯೊಂದನ್ನು ಸಗಣಿಯ ಉಪಯೋಗದ ಲೆಕ್ಕದಲ್ಲಿ ಬಿಡಿಸಬೇಕಾಗಿ ಬಂದದ್ದು, 1948ರ ಆ ದಿನ ಲಾರಿ ಕೇಳಿದ್ದಕ್ಕೆ ಸಭೆ ಉತ್ತರ ಕೊಡದೆ ಹೋದದ್ದರಿಂದ.